ಹುಟ್ಟಿದ ಮೀನುಮರಿಗಳನ್ನು ಉಳಿಸಿಕೊಳ್ಳುವ ಬಗೆ



ಕಾಫಿ, ಅಡಿಕೆ, ಮೆಣಸುಗಳ ನಡುವೆ ಮೀನಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಸದಸ್ಯರ ಮನೆಗಳಲ್ಲಿ ಈಗ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವುದು ಅಪರೂಪವೇನೂ ಅಲ್ಲ. ಮಕ್ಕಳ ಹಟಕ್ಕೆ ಪೇಟೆಯಿಂದ ನಾಲ್ಕು ಗಪ್ಪಿ ಮೀನು ತರುತ್ತೇವೆ. ತಿಂಗಳೊಳಗೆ ಒಂದು ಬೆಳಿಗ್ಗೆ ತೊಟ್ಟಿಯ ತುಂಬ ಸೂಜಿಮೊನೆಯಂಥ ಮರಿಗಳು ಕಾಣುತ್ತವೆ. ಮನೆಮಂದಿಯೆಲ್ಲ ಸುತ್ತ ಕೂತು ನೋಡುತ್ತಾರೆ. ಮೂರನೆಯ ದಿನ ಅರ್ಧ ಇರುವುದಿಲ್ಲ, ವಾರ ಕಳೆದರೆ ಒಂದೂ ಇರುವುದಿಲ್ಲ. "ನಮ್ಮ ನೀರಿಗೆ ಹಿಡಿಯುವುದಿಲ್ಲ" ಎಂದು ಹೇಳಿ ಕೈಬಿಡುತ್ತೇವೆ.

ನೀರಿಗೆ ಹಿಡಿಯುವುದಿಲ್ಲ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ, ಪೂರ್ತಿ ನಿಜವಿಲ್ಲ. ಮರಿಗಳು ಸಾಯುವುದಕ್ಕೆ ಬಹುಮಟ್ಟಿಗೆ ಮೂರೇ ಕಾರಣಗಳು. ಮೊದಲನೆಯದು ದೊಡ್ಡ ಮೀನುಗಳ ಬಾಯಿ. ಎರಡನೆಯದು ಹಸಿವು. ಮೂರನೆಯದು ಕೆಟ್ಟ ನೀರು. ಈ ಮೂರನ್ನೂ ಮೊದಲ ಮೂರು ವಾರ ತಡೆದರೆ ಬಹುಪಾಲು ಮರಿಗಳು ಬದುಕುತ್ತವೆ. ಇದನ್ನು ಈ ಲೇಖಕನು ಕಲಿತದ್ದು ಮಲೆನಾಡಿನಲ್ಲಲ್ಲ, ನೀರಿಗೆ ಬರವೆಂದು ನಾವೆಲ್ಲ ತಿಳಿದಿರುವ ವಿಜಯಪುರದ ಕಡೆಯಲ್ಲಿ.

ನನ್ನ ನಷ್ಟದ ಕಥೆ

ಮೊದಲು ನನ್ನ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು. ಒಂದು ಮಳೆಗಾಲದಲ್ಲಿ ನಮ್ಮ ಜಗಲಿಯ ಸಿಮೆಂಟ್ ತೊಟ್ಟಿಯಲ್ಲಿ ನೂರೈವತ್ತರಷ್ಟು ಗಪ್ಪಿ ಮರಿಗಳು ಎರಡು ವಾರ ದಾಟಿ ಚೆನ್ನಾಗಿ ಬೆಳೆಯುತ್ತಿದ್ದವು. ಅಡಿಕೆಗೆ ಔಷಧಿ ಹೊಡೆಸುವ ಗಡಿಬಿಡಿ. ತೊಟ್ಟಿಯ ನೀರು ಬದಲಿಸಲು ಕೈಗೆ ಸಿಕ್ಕಿದ ಬಕೆಟ್ ತೆಗೆದುಕೊಂಡೆ. ಅದು ಬೋರ್ಡೋ ದ್ರಾವಣ ಕಲೆಸಿದ ಬಕೆಟ್. ಮೂರು ಸಲ ತೊಳೆದಿದ್ದೆ, ಸಾಕೆಂದುಕೊಂಡೆ. ಮಾರನೆಯ ಬೆಳಿಗ್ಗೆ ಮರಿಗಳೆಲ್ಲ ತಳ ಸೇರಿದ್ದವು. ದೊಡ್ಡ ಮೀನುಗಳು ಮಾತ್ರ ಮೇಲೆ ಬಾಯಿ ಬಿಡುತ್ತ ಉಳಿದಿದ್ದವು. ಏನಾಯಿತೆಂದು ಆಗ ನನಗೆ ಅರ್ಥವಾಗಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ವಿಜಯಪುರದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅವಳ ಜೊತೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ತಿಕೋಟಾದ ತನ್ನ ಮನೆಗೆ ಊಟಕ್ಕೆ ಕರೆದಳು. ಅಲ್ಲಿ ದ್ರಾಕ್ಷಿ ತೋಟದ ಅಂಚಿನಲ್ಲಿ, ಜೋಳದ ಕಣಿಕೆಯ ಚಪ್ಪರದ ಕೆಳಗೆ, ಆರು ಸಿಮೆಂಟ್ ತೊಟ್ಟಿಗಳಲ್ಲಿ ಗಪ್ಪಿ, ಮೋಲಿ, ಪ್ಲಾಟಿ ಮೀನುಗಳ ಮರಿಗಳು ಸಾವಿರದ ಲೆಕ್ಕದಲ್ಲಿ ಈಜುತ್ತಿದ್ದವು. ಹೊರಗೆ ಬಿಸಿಲು ನಾಲ್ವತ್ತು ಡಿಗ್ರಿ ದಾಟಿತ್ತು.

ವಿಜಯಪುರದ ನೀರು

ಆ ಸೀಮೆಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರು. ನಮ್ಮ ಘಟ್ಟದ ಕೆಲವು ಊರುಗಳಲ್ಲಿ ಆಷಾಢದ ಹತ್ತು ಹದಿನೈದು ದಿನಗಳಲ್ಲೇ ಅಷ್ಟು ಸುರಿಯುವುದುಂಟು. ಆದ್ದರಿಂದಲೇ ನೀರನ್ನು ಹಿಡಿದಿಡುವ ವಿದ್ಯೆ ಅಲ್ಲಿ ಹಳೆಯದು. ಮುಹಮ್ಮದ್ ಆದಿಲ್ ಷಾ 1633ರಲ್ಲಿ ಕಟ್ಟಿಸಿದ ಮಮದಾಪುರದ ಕೆರೆ ಇಂದಿನ ಬಬಲೇಶ್ವರ ತಾಲ್ಲೂಕಿನಲ್ಲಿದೆ. ವಿಜಯಪುರ ನಗರದ ಬೇಗಂ ತಲಾಬ್ 1651ರದ್ದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹರಿಯುತ್ತಿತ್ತು. ತಿಕೋಟಾ ಮತ್ತು ಬಬಲೇಶ್ವರ ಹಿಂದೆ ವಿಜಯಪುರ ತಾಲ್ಲೂಕಿಗೇ ಸೇರಿದ್ದವು. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳೆಂದು ಘೋಷಿತವಾದವು. ಇತ್ತೀಚಿನ ವರ್ಷಗಳಲ್ಲಿ ಕೃಷ್ಣಾ ನದಿಯಿಂದ ನೀರನ್ನೆತ್ತಿ ಕೆರೆ ತುಂಬಿಸುವ ಯೋಜನೆಗಳು ಈ ಭಾಗಕ್ಕೆ ಬಂದಿವೆ. ದ್ರಾಕ್ಷಿ ಬೆಳೆಗಾರರು ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿಹೊಂಡಗಳನ್ನು ಮಾಡಿಕೊಂಡಿದ್ದಾರೆ. ನಗರದ ಪಕ್ಕದ ಭೂತನಾಳದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವೂ ಇದೆ.

ನಮ್ಮ ಲೇಖನಕ್ಕೆ ಮುಖ್ಯವಾದದ್ದು ಆ ನೀರಿನ ಗುಣ. ಕಪ್ಪುಮಣ್ಣು, ಕರಿಕಲ್ಲಿನ ನೆಲದ ಬೋರ್‌ವೆಲ್ ನೀರು ಅಲ್ಲಿ ಗಡಸು. ಸೋಪು ನೊರೆ ಬಿಡುವುದಿಲ್ಲ, ಪಾತ್ರೆಗೆ ಬಿಳಿ ಕರೆ ಕಟ್ಟುತ್ತದೆ. ಡೋಣಿ ನದಿಯ ಕಡೆ ನೀರಿಗೆ ಉಪ್ಪಿನ ಅಂಶವೂ ಇದೆ. ಕುಡಿಯುವವರಿಗೆ ಇದು ಕಷ್ಟ. ಆದರೆ ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲ ಮೀನುಗಳು ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಡೆಯವು. ಅವುಗಳಿಗೆ ಸುಣ್ಣದ ಅಂಶವಿರುವ ಗಡಸು ನೀರೇ ಒಗ್ಗುತ್ತದೆ. ನಮ್ಮ ಮಲೆನಾಡಿನ ಹಳ್ಳ, ಬಾವಿಗಳ ನೀರು ಇದಕ್ಕೆ ತದ್ವಿರುದ್ಧ. ಅದು ಮೆದು, ಕೆಲವೆಡೆ ಸ್ವಲ್ಪ ಹುಳಿ. ಇಂಥ ನೀರಿನಲ್ಲಿ ಮೋಲಿ ಮರಿಗಳು ರೆಕ್ಕೆ ಮುದುರಿಕೊಂಡು, ಇದ್ದಲ್ಲೇ ಮೈ ಅಲುಗಿಸುತ್ತ ಸೊರಗುತ್ತವೆ.

ಉಪಾಯ ಕಷ್ಟದ್ದಲ್ಲ. ಚೆನ್ನಾಗಿ ತೊಳೆದ ಕಪ್ಪೆಚಿಪ್ಪಿನ ಚೂರು ಅಥವಾ ಸುಣ್ಣಕಲ್ಲಿನ ಜಲ್ಲಿಯನ್ನು ಎರಡು ಹಿಡಿಯಷ್ಟು ಬಟ್ಟೆಯ ಚೀಲದಲ್ಲಿ ಕಟ್ಟಿ ತೊಟ್ಟಿಯಲ್ಲಿ ಇಳಿಬಿಡಬೇಕು. ಅದು ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ. ಆದರೆ ಸುಟ್ಟ ಸುಣ್ಣವನ್ನಾಗಲಿ, ಗೋಡೆಗೆ ಬಳಿಯುವ ಸುಣ್ಣವನ್ನಾಗಲಿ ಹಾಕಲೇಬಾರದು. ನೀರಿನ ಖಾರ ಒಮ್ಮೆಲೇ ಏರಿ ಮರಿಗಳು ಸಾಯುತ್ತವೆ. ಹೊಸ ಸಿಮೆಂಟ್ ತೊಟ್ಟಿಯಲ್ಲಿಯೂ ಇದೇ ಅಪಾಯವಿದೆ. ಅದಕ್ಕೆ ನೀರು ತುಂಬಿಸಿ, ವಾರಕ್ಕೆರಡು ಸಲ ಚೆಲ್ಲಿ, ಮೂರು ನಾಲ್ಕು ವಾರ ಹದ ಮಾಡಿದ ಮೇಲೆಯೇ ಮೀನು ಬಿಡತಕ್ಕದ್ದು.

ಎರಡು ಬಗೆಯ ಮರಿಗಳು

ಮರಿಗಳಿಗೆ ಆಹಾರ ಕೊಡುವ ಮುನ್ನ ಅವು ಯಾವ ಬಗೆಯವು ಎಂದು ತಿಳಿಯಬೇಕು.

ಮೊದಲನೆಯದು ಮರಿ ಹಾಕುವ ಜಾತಿ. ಗಪ್ಪಿ, ಮೋಲಿ, ಪ್ಲಾಟಿ, ಕತ್ತಿಬಾಲ ಇವೆಲ್ಲ ಈ ಗುಂಪಿನವು. ತಾಯಿಯ ಹೊಟ್ಟೆಯಲ್ಲೇ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಗಪ್ಪಿಯ ಬಸಿರು ಮೂರರಿಂದ ನಾಲ್ಕು ವಾರ. ಒಂದು ಸಲಕ್ಕೆ ಇಪ್ಪತ್ತರಿಂದ ಅರವತ್ತು ಮರಿಗಳು ಸಾಮಾನ್ಯ. ಮರಿ ಹುಟ್ಟುವಾಗ ಆರೇಳು ಮಿಲಿಮೀಟರ್ ಉದ್ದ ಇರುತ್ತದೆ. ಹುಟ್ಟಿದ ದಿನವೇ ಈಜುತ್ತದೆ, ಹುಟ್ಟಿದ ದಿನವೇ ತಿನ್ನುತ್ತದೆ. ಇನ್ನೊಂದು ವಿಶೇಷವೆಂದರೆ, ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಮುಂದೆ ಗಂಡಿಲ್ಲದೆಯೂ ಹಲವು ತಿಂಗಳು ಸೂಲು ಹಾಕಬಲ್ಲದು. ಹೊಸದಾಗಿ ಸಾಕುವವರು ಈ ಜಾತಿಯಿಂದಲೇ ಆರಂಭಿಸುವುದು ಲೇಸು.

ಎರಡನೆಯದು ಮೊಟ್ಟೆಯಿಡುವ ಜಾತಿ. ಗೋಲ್ಡ್‌ಫಿಶ್, ಗೌರಾಮಿ, ಏಂಜೆಲ್, ಬಾರ್ಬ್ ಇವು ಈ ಗುಂಪಿನವು. ಗೋಲ್ಡ್‌ಫಿಶ್ ಮೊಟ್ಟೆ ಹದವಾದ ಬೆಚ್ಚನೆಯ ನೀರಿನಲ್ಲಿ ಮೂರು ನಾಲ್ಕು ದಿನಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿ ಕೂದಲೆಳೆಯಂತೆ ಗೋಡೆಗೆ ಅಂಟಿಕೊಂಡಿರುತ್ತದೆ. ಅದರ ಹೊಟ್ಟೆಯಲ್ಲಿ ಹಳದಿಯ ಚೀಲವೊಂದಿದ್ದು, ಎರಡು ಮೂರು ದಿನ ಅದೇ ಆಹಾರ. ಆಗ ನಾವು ಏನು ಹಾಕಿದರೂ ಕೊಳೆತು ನೀರು ಕೆಡುತ್ತದೆ, ಅಷ್ಟೇ. ಮರಿಗಳು ಗೋಡೆ ಬಿಟ್ಟು ಅಡ್ಡಡ್ಡ ಈಜತೊಡಗಿದ ದಿನವೇ ಮೊದಲ ಊಟ ಕೊಡುವ ದಿನ. ಒಂದು ದಿನ ಮುಂಚೆ ಕೊಟ್ಟರೂ ತಪ್ಪು, ಒಂದು ದಿನ ತಡವಾದರೂ ತಪ್ಪು.

ಗೌರಾಮಿಯ ಮರಿ ಇನ್ನೂ ಚಿಕ್ಕದು. ಗಂಡುಮೀನು ನೊರೆಯ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಮರಿಗಳು ಈಜತೊಡಗಿದ ಕೂಡಲೇ ಗಂಡನ್ನು ತೆಗೆಯಬೇಕು. ಈ ಮೀನು ನೀರಿನ ಮೇಲೆ ಬಂದು ಗಾಳಿಯನ್ನೂ ಸೇವಿಸುವ ಜಾತಿ. ಆ ಅಂಗ ಮರಿಗಳಲ್ಲಿ ಮೂಡುವುದು ಕೆಲವು ವಾರಗಳ ಮೇಲೆ. ಆ ಹೊತ್ತಿನಲ್ಲಿ ತಣ್ಣನೆಯ ಗಾಳಿ ತಗುಲಿದರೆ ಮರಿಗಳು ಸಾಯುವುದರಿಂದ ತೊಟ್ಟಿಯ ಮೇಲೆ ಗಾಜಿನ ಮುಚ್ಚಳವಿರಬೇಕು.

ತಾಯಿಯಿಂದ ಬೇರ್ಪಡಿಸುವುದು

ಮೀನಿಗೆ ತನ್ನ ಮರಿ ಎಂಬ ಗುರುತು ಇರುವುದಿಲ್ಲ. ಚಲಿಸುವ ಸಣ್ಣದೆಲ್ಲ ಅದಕ್ಕೆ ಆಹಾರ. ಹೆಣ್ಣು ಗಪ್ಪಿಯ ಹೊಟ್ಟೆ ಚೌಕಾಕಾರಕ್ಕೆ ತಿರುಗಿ, ಬಾಲದ ಬಳಿಯ ಕಪ್ಪು ಕಲೆ ದಟ್ಟವಾದರೆ ಸೂಲು ಹತ್ತಿರವೆಂದು ತಿಳಿಯಬೇಕು. ಆಗ ಅದನ್ನು ಇಪ್ಪತ್ತು ಲೀಟರಿನ ಬೇರೆ ತೊಟ್ಟಿಗೆ, ಅದೇ ಹಳೆಯ ನೀರಿನ ಜೊತೆ, ಮೆಲ್ಲಗೆ ವರ್ಗಾಯಿಸಬೇಕು. ತೊಟ್ಟಿಯಲ್ಲಿ ನೀರುಹುಲ್ಲು ದಟ್ಟವಾಗಿರಲಿ. ಮರಿಗಳು ಅಡಗಲು ಅದು ಬೇಕು. ಅಂಗಡಿಯಲ್ಲಿ ಸಿಗುವ ಸಣ್ಣ ಜಾಲರಿ ಪೆಟ್ಟಿಗೆಯಲ್ಲಿ ತಾಯಿಯನ್ನು ದಿನಗಟ್ಟಲೆ ಕೂಡಿಹಾಕಿದರೆ ಅದು ಗಾಬರಿಯಿಂದ ಅಕಾಲದಲ್ಲಿ ಮರಿ ಹಾಕುವುದುಂಟು. ಮರಿ ಹಾಕಿ ಮುಗಿದ ಮೇಲೆ ತೆಗೆಯಬೇಕಾದದ್ದು ತಾಯಿಯನ್ನು, ಮರಿಗಳನ್ನಲ್ಲ.

ಮೊದಲ ಎರಡು ವಾರ ಲೀಟರಿಗೆ ನಾಲ್ಕೈದು ಮರಿಗಳವರೆಗೆ ಇರಬಹುದು. ಆಮೇಲೆ ಲೀಟರಿಗೆ ಒಂದೆರಡಕ್ಕೆ ಇಳಿಸಬೇಕು. ಹೆಚ್ಚು ಮರಿ ಒಂದೇ ಕಡೆ ಇಟ್ಟರೆ ಬೆಳವಣಿಗೆ ಕುಂಠಿತವಾಗುತ್ತದೆ.

ಆಹಾರ

ತಿಕೋಟಾದ ಆ ಹೆಣ್ಣುಮಗಳು ನನಗೆ ಹೇಳಿದ್ದು ಒಂದೇ ಮಾತು. "ಮರಿಗೆ ಹೊಟ್ಟಿ ಸಣ್ಣದ ರೀ ಕಾಕಾ, ಹಸಿವಿ ದೊಡ್ಡದ. ಒಮ್ಮೆಲೆ ಹಾಕಿದ್ರ ತಳಾ ಸೇರತದ. ಸ್ವಲ್ಪ ಸ್ವಲ್ಪ, ಮತ್ತ ಮತ್ತ ಹಾಕಬೇಕ್ರಿ." ಮರಿ ಸಾಕುವ ಶಾಸ್ತ್ರವೆಲ್ಲ ಇದರಲ್ಲಿ ಅಡಗಿದೆ. ದಿನಕ್ಕೆ ನಾಲ್ಕರಿಂದ ಐದು ಸಲ, ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಮರಿಯ ಹೊಟ್ಟೆ ಉಬ್ಬಿ, ಒಳಗಿನ ಆಹಾರದ ಬಣ್ಣ ಹೊರಗೆ ಕಂಡರೆ ಊಟ ಸಾಕೆಂದು ಅರ್ಥ.

1. ಸೂಕ್ಷ್ಮಜೀವಿಗಳ ನೀರು: ಮೊಟ್ಟೆಯಿಂದ ಬಂದ ಅತಿ ಚಿಕ್ಕ ಮರಿಗಳಿಗೆ ಇದೇ ಮೊದಲ ಊಟ. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಒಂದು ಲೀಟರ್ ಹಳೆಯ ತೊಟ್ಟಿ ನೀರು ಹಾಕಿ, ಬೆರಳುದ್ದದ ಬಾಳೆಹಣ್ಣಿನ ಸಿಪ್ಪೆ ಅಥವಾ ಒಂದು ಕೋಸಿನ ಎಲೆ ಬಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ ನೆರಳು ಬೆಳಕಿನಲ್ಲಿಡಬೇಕು. ಎರಡು ಮೂರು ದಿನದಲ್ಲಿ ನೀರು ಹಾಲಿನಂತೆ ಕದಡಿ ವಾಸನೆ ಬರುತ್ತದೆ. ಅದನ್ನು ಆಗ ಬಳಸಕೂಡದು. ಐದಾರು ದಿನಕ್ಕೆ ನೀರು ತಿಳಿಯಾಗಿ ನಸು ಹಳದಿಯಾಗುತ್ತದೆ, ವಾಸನೆ ಹೋಗುತ್ತದೆ. ಕೊಳೆಯಿಸುವ ಜೀವಾಣುಗಳನ್ನು ತಿಂದು ಸೂಕ್ಷ್ಮಪ್ರಾಣಿಗಳು ಹೆಚ್ಚಿವೆ ಎಂದು ಆಗ ತಿಳಿಯಬೇಕು. ಈ ನೀರನ್ನು ದಿನಕ್ಕೆ ಮೂರು ನಾಲ್ಕು ಸಲ ಒಂದೆರಡು ಚಮಚ ಮರಿಗಳ ತೊಟ್ಟಿಗೆ ಹಾಕಬಹುದು. ಮೊಟ್ಟೆ ಒಡೆಯುವುದಕ್ಕೆ ನಾಲ್ಕೈದು ದಿನ ಮುಂಚೆಯೇ ಭರಣಿ ಸಿದ್ಧಪಡಿಸಿಡಬೇಕೆಂಬುದನ್ನು ಮರೆಯಬಾರದು.

2. ಮೊಟ್ಟೆಯ ಹಳದಿ: ಗಟ್ಟಿಯಾಗಿ ಬೇಯಿಸಿದ ಕೋಳಿಮೊಟ್ಟೆಯ ಹಳದಿಯಲ್ಲಿ ಬಟಾಣಿ ಕಾಳಿನಷ್ಟನ್ನು ತೆಳುಬಟ್ಟೆಯಲ್ಲಿ ಕಟ್ಟಿ, ಒಂದು ಲೋಟ ನೀರಿನಲ್ಲಿ ಹಿಂಡಿದರೆ ಹಳದಿ ಮಂಜಿನಂಥ ನೀರು ಬರುತ್ತದೆ. ನೂರು ಮರಿಗೆ ಇದರಲ್ಲಿ ಕೆಲವು ಹನಿ ಸಾಕು. ಅಗ್ಗದ ಆಹಾರ ಹೌದು, ಆದರೆ ತೊಟ್ಟಿಯನ್ನು ಇಷ್ಟು ಬೇಗ ಕೆಡಿಸುವ ಆಹಾರ ಬೇರೆ ಇಲ್ಲ. ಬೇರೇನೂ ಸಿಗದಾಗ ಒಂದೆರಡು ದಿನಕ್ಕೆ ಮಾತ್ರ ಬಳಸುವುದು ಕ್ಷೇಮ.

3. ಆರ್ಟೀಮಿಯ: ಉಪ್ಪುನೀರಿನ ಈ ಪುಟ್ಟ ಸಿಗಡಿಯ ಒಣ ಮೊಟ್ಟೆಗಳು ಡಬ್ಬಿಗಳಲ್ಲಿ ಮಾರಾಟಕ್ಕಿವೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ, ಒಂದು ಗ್ರಾಂ ಮೊಟ್ಟೆ ಹಾಕಿ, ಬೆಳಕಿನಲ್ಲಿಟ್ಟು ಸಣ್ಣ ಗಾಳಿ ಪಂಪಿನಿಂದ ಸತತವಾಗಿ ಗಾಳಿ ಬಿಡಬೇಕು. ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ಪ್ಲಾಸ್ಟಿಕ್ ಬಾಟಲಿ ಇದಕ್ಕೆ ಸಾಕು. 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖವಿದ್ದರೆ 24ರಿಂದ 36 ಗಂಟೆಯಲ್ಲಿ ಕಿತ್ತಳೆ ಬಣ್ಣದ, ಅರ್ಧ ಮಿಲಿಮೀಟರೂ ಇಲ್ಲದ ಮರಿಗಳು ಹೊರಬರುತ್ತವೆ. ನಮ್ಮ ಮಳೆಗಾಲದ ಚಳಿಯಲ್ಲಿ ಎರಡು ದಿನ ಹಿಡಿದೀತು. ಗಾಳಿ ನಿಲ್ಲಿಸಿ, ತಳದ ಬಳಿ ದೀಪ ಹಿಡಿದರೆ ಅವು ಬೆಳಕಿನತ್ತ ಸೇರುತ್ತವೆ. ಮೇಲೆ ತೇಲುವ ಸಿಪ್ಪೆ ಬಾರದಂತೆ ಸಣ್ಣ ಕೊಳವೆಯಿಂದ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೊಡಬೇಕು. ಹೊರಬಂದ ಆರೆಂಟು ಗಂಟೆಯೊಳಗೆ ಕೊಟ್ಟರೆ ಅವುಗಳ ಮೈಯ ಸಾರವೆಲ್ಲ ಮರಿಗಳಿಗೆ ಸಿಗುತ್ತದೆ. ತಡವಾದಷ್ಟೂ ಸಾರ ಕಡಿಮೆ. ಗಪ್ಪಿ, ಮೋಲಿ ಮರಿಗಳಿಗೆ ಮೊದಲ ದಿನದಿಂದಲೇ ಇದನ್ನು ಕೊಡಬಹುದು.

4. ಮೊಯಿನಾ: ಕೆರೆಯ ನೀರಿನಲ್ಲಿ ಚಿಗಟದಂತೆ ಕುಪ್ಪಳಿಸುವ, ಒಂದು ಮಿಲಿಮೀಟರಿನೊಳಗಿನ ಜೀವಿ ಇದು. ಡಬ್ಬಿ ಆಹಾರ ಕೊಳ್ಳಲಾಗದ ನಮ್ಮಂಥವರಿಗೆ ಇದೇ ಆಧಾರ. ಇನ್ನೂರು ಲೀಟರಿನ ಸಿಮೆಂಟ್ ರಿಂಗ್ ಅಥವಾ ಟಬ್ಬಿನಲ್ಲಿ ನೀರು ತುಂಬಿ, ಒಂದು ಸಣ್ಣ ಹಿಡಿ ನೆನೆಸಿದ ಶೇಂಗಾ ಹಿಂಡಿ ಮತ್ತು ಬಟ್ಟೆಯಲ್ಲಿ ಕಟ್ಟಿದ ಎರಡು ಹಿಡಿ ಒಣ ಸೆಗಣಿ ಇಳಿಬಿಟ್ಟರೆ ನಾಲ್ಕೈದು ದಿನದಲ್ಲಿ ನೀರು ಹಸಿರುಗಟ್ಟುತ್ತದೆ. ಆಗ ಮೊಯಿನಾ ಬೀಜ ತಂದು ಬಿಟ್ಟರೆ ವಾರದೊಳಗೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಬಟ್ಟೆಯ ಬಲೆಯಲ್ಲಿ ಎತ್ತಿ, ತೊಳೆದು, ಮರಿಗಳಿಗೆ ಕೊಡಬೇಕು. ಬಲೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಹುಳು ಬಂದಿದ್ದರೆ ಕಡ್ಡಾಯವಾಗಿ ಆರಿಸಿ ತೆಗೆಯಬೇಕು. ಅಂಥ ಒಂದು ಹುಳು ದಿನಕ್ಕೆ ಹತ್ತಾರು ಮರಿಗಳನ್ನು ಮುಗಿಸಬಲ್ಲದು. ಟಬ್ಬಿಗೆ ಸೊಳ್ಳೆಪರದೆ ಕಟ್ಟಿದರೆ ಈ ಹುಳುವಿನ ತಾಯಿ ಬಂದು ಮೊಟ್ಟೆಯಿಡುವುದಿಲ್ಲ, ಸೊಳ್ಳೆಯೂ ಬೆಳೆಯುವುದಿಲ್ಲ. ಮೀನಿಗೆಂದು ಸೊಳ್ಳೆಮರಿ ಬೆಳೆಸುವ ಪದ್ಧತಿ ಡೆಂಗ್ಯೂ ಇರುವ ಈ ಕಾಲದಲ್ಲಿ ಸರ್ವಥಾ ಕೂಡದು.

5. ಪುಡಿ ಆಹಾರ: ವಾರ ಕಳೆದ ಮೇಲೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿ, ಸ್ವಲ್ಪ ಒಣಮೀನಿನ ಪುಡಿ ಸೇರಿಸಿ, ಬಟ್ಟೆಯಲ್ಲಿ ಜರಡಿ ಹಿಡಿದು, ಚಿಟಿಕೆಯಷ್ಟನ್ನು ನೀರಿನ ಮೇಲೆ ಉದುರಿಸಬಹುದು. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಎಸೆಯಬೇಕು. ಆದರೆ ಪುಡಿಯೊಂದನ್ನೇ ನಂಬಬಾರದು. ಜೀವಂತ ಆಹಾರ ದಿನಕ್ಕೊಮ್ಮೆಯಾದರೂ ಸಿಕ್ಕ ಮರಿ ಬೇಗ ಬೆಳೆಯುತ್ತದೆ, ಬಣ್ಣವೂ ಚೆನ್ನಾಗಿ ಬರುತ್ತದೆ.

ನೀರಿನ ಕಾಳಜಿ

ಮರಿಗಳ ಕಕ್ಕಸು ಮತ್ತು ಉಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಖಾರ ನೀರಿನಲ್ಲಿ, ಬಿಸಿ ಹೆಚ್ಚಿದಾಗ, ಅಮೋನಿಯದ ವಿಷ ಹೆಚ್ಚು. ಆದ್ದರಿಂದ ವಿಜಯಪುರದ ಕಡೆಯವರಿಗೆ ಮುಖ್ಯ ಶತ್ರು ಇದೇ. ಅವರು ದಿನವೂ ತಳದ ಕಸವನ್ನು ಸಣ್ಣ ಕೊಳವೆಯಿಂದ ಎಳೆದು, ಹತ್ತರಲ್ಲೊಂದು ಪಾಲು ನೀರು ಬದಲಿಸುತ್ತಾರೆ. ಆ ನೀರು ವ್ಯರ್ಥವಲ್ಲ, ದ್ರಾಕ್ಷಿಯ ಬುಡಕ್ಕೆ ಹೋಗುತ್ತದೆ. ನಮ್ಮಲ್ಲಿ ಅದು ಏಲಕ್ಕಿಗೋ ತರಕಾರಿ ಮಡಿಗೋ ಹೋಗಬಹುದು.

ಬಿಸಿ ನೀರಿನಲ್ಲಿ ಪ್ರಾಣವಾಯು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಕಣಿಕೆಯ ಚಪ್ಪರ ಹಾಕಿದ್ದು ಈ ಕಾರಣಕ್ಕೆ. ನಮ್ಮ ಕಷ್ಟ ಇದಕ್ಕೆ ಉಲ್ಟಾ. ಆಷಾಢದ ಮಳೆಯಲ್ಲಿ, ಮಾಗಿಯ ಬೆಳಗಿನಲ್ಲಿ ತೊಟ್ಟಿಯ ನೀರು 20 ಡಿಗ್ರಿಗಿಂತ ಕೆಳಗಿಳಿದು ಮರಿಗಳು ತಿನ್ನುವುದನ್ನೇ ಬಿಡುತ್ತವೆ. ಇಂಥ ದಿನ ಆಹಾರವನ್ನೂ ಕಡಿಮೆ ಮಾಡಬೇಕು. ತೊಟ್ಟಿಯನ್ನು ಮನೆಯೊಳಗಿಟ್ಟು, ಸಾಧ್ಯವಿದ್ದವರು ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ ಹೀಟರ್ ಹಾಕಬಹುದು. ಕರೆಂಟು ಹೋಗುವ ದಿನಗಳಲ್ಲಿ ಗೋಣಿಚೀಲ ಸುತ್ತಿದರೆ ಶಾಖ ಬೇಗ ಇಳಿಯದು.

ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು. ಬೋರ್‌ವೆಲ್ ನೀರನ್ನೂ ಹಾಗೆಯೇ ಗಾಳಿಯಾಡಲು ಬಿಡಬೇಕು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ ವಾರ ಆ ನೀರನ್ನು ಬಳಸದಿರುವುದೇ ಒಳ್ಳೆಯದು.

ಮೈಲುತುತ್ತ: ನಮ್ಮ ತೋಟದ ಅಪಾಯ

ಈಗ ನನ್ನ ನೂರೈವತ್ತು ಮರಿಗಳ ವಿಷಯಕ್ಕೆ ಬರೋಣ. ದ್ರಾಕ್ಷಿಯ ಬೂಜುರೋಗಕ್ಕೆ ತಿಕೋಟಾದವರೂ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ನಾವು ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವಂತೆಯೇ. ನನ್ನ ಕಥೆ ಕೇಳಿ ಆಕೆ ನಕ್ಕು, ಕೆಂಪು ಬಣ್ಣ ಬಳಿದ ಬಕೆಟ್ ತೋರಿಸಿದಳು. "ಔಷಧದ ಬಕೆಟ್ ಬ್ಯಾರೆ, ಮೀನಿನ ಬಕೆಟ್ ಬ್ಯಾರೆ ರೀ ಕಾಕಾ. ಈ ಕೆಂಪು ಬಕೆಟ್ ಯಾರೂ ಮುಟ್ಟಂಗಿಲ್ಲ."

ಲೆಕ್ಕ ಹಾಕಿ ನೋಡೋಣ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ. ಅಂದರೆ ಲೀಟರಿಗೆ 10 ಗ್ರಾಂ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. ಹಾಗಾಗಿ ಒಂದು ಮಿಲಿಲೀಟರ್ ದ್ರಾವಣದಲ್ಲಿ ಎರಡೂವರೆ ಮಿಲಿಗ್ರಾಂ ತಾಮ್ರವಿದೆ. ಬಕೆಟ್ಟಿನ ಅಂಚಿನಲ್ಲಿ, ಹಿಡಿಯ ಸಂದಿಯಲ್ಲಿ ನಾಲ್ಕು ಚಮಚದಷ್ಟು, ಅಂದರೆ 20 ಮಿಲಿಲೀಟರಿನ ಗಸಿ ಉಳಿದು ನೂರು ಲೀಟರಿನ ತೊಟ್ಟಿ ಸೇರಿತೆಂದರೆ ಲೀಟರಿಗೆ ಅರ್ಧ ಮಿಲಿಗ್ರಾಂ ತಾಮ್ರವಾಯಿತು. ಸುಣ್ಣ ಬೆರೆತಿರುವುದರಿಂದ ಅದೆಲ್ಲ ಒಮ್ಮೆಲೇ ಕರಗುವುದಿಲ್ಲ ನಿಜ. ಆದರೆ ಮೆದು ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು ಕರಗಿದ ತಾಮ್ರವೂ ಮರಿಗಳಿಗೆ ಮಾರಕವಾಗಬಲ್ಲದು. ಗಡಸು ನೀರಿನಲ್ಲಿರುವ ಸುಣ್ಣದ ಅಂಶವು ಮೀನಿನ ಕಿವಿರನ್ನು ತಾಮ್ರದಿಂದ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ. ನಮ್ಮ ಮಲೆನಾಡಿನ ನೀರಿಗೆ ಆ ಶಕ್ತಿ ಇಲ್ಲ. ಅದೇ ತಪ್ಪು ತಿಕೋಟಾದಲ್ಲಿ ಆಗಿದ್ದರೆ ಕೆಲವು ಮರಿಗಳಾದರೂ ಉಳಿಯುತ್ತಿದ್ದವೇನೋ. ನಮ್ಮಲ್ಲಿ ಒಂದೂ ಉಳಿಯಲಿಲ್ಲ.

ಆದಕಾರಣ ನಮ್ಮ ಸದಸ್ಯರು ಗಮನಿಸಬೇಕಾದ ಅಂಶಗಳು ಇವು:

ಔಷಧಿಯ ಬಕೆಟ್, ಡ್ರಮ್ಮು, ಪೈಪುಗಳನ್ನು ಮೀನಿನ ತೊಟ್ಟಿಗೆ ಎಂದೂ ಬಳಸಬಾರದು. ಮೀನಿಗೆಂದೇ ಗುರುತು ಹಾಕಿದ ಬಕೆಟ್ ಬೇರೆ ಇರಲಿ.

ಸಿಂಪಡಣೆಯ ದಿನ ಮತ್ತು ನಂತರದ ಮೊದಲ ಮಳೆಗಳಲ್ಲಿ ತೆರೆದ ತೊಟ್ಟಿಗಳನ್ನು ಮುಚ್ಚಬೇಕು. ಮರದಿಂದ ತೊಟ್ಟಿಕ್ಕುವ ನೀರೂ, ಮಾಡಿನ ನೀರೂ ತೊಟ್ಟಿಗೆ ಬೀಳಬಾರದು.

ಔಷಧಿ ಕಲೆಸಿದ ಕೈಯನ್ನು ಸೋಪಿನಿಂದ ತೊಳೆಯದೆ ಮೀನಿಗೆ ಆಹಾರ ಹಾಕಬಾರದು. ಕೀಟನಾಶಕಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ತಾಮ್ರದ ಹಂಡೆ, ಬಿಂದಿಗೆಗಳಲ್ಲಿ ಇರಿಸಿದ ನೀರನ್ನು ಮರಿಗಳಿಗೆ ಬಳಸಬಾರದು.

ಕಾಫಿ ಪಲ್ಪರಿನ ನೀರು ಹೊಂಡಕ್ಕಾಗಲಿ ಹಳ್ಳಕ್ಕಾಗಲಿ ಸೇರಬಾರದು. ಅದು ಹುಳಿಯಾಗಿ ನೀರಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತದೆ.

ಮೂರು ವಾರ ದಾಟಿದ ಮೇಲೆ

ಮೂರು ನಾಲ್ಕು ವಾರಕ್ಕೆ ಗಪ್ಪಿ ಮರಿಗಳಲ್ಲಿ ಗಂಡು ಹೆಣ್ಣು ತಿಳಿಯುತ್ತದೆ. ಗಂಡಿನ ಹೊಟ್ಟೆಯ ಕೆಳಗಿನ ಈಜುರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ. ಹೆಣ್ಣಿಗೆ ಬೀಸಣಿಗೆಯಂತೆ ಅಗಲವಾಗಿಯೇ ಉಳಿಯುತ್ತದೆ. ಆಗಲೇ ಎರಡನ್ನೂ ಬೇರೆ ಮಾಡಬೇಕು. ಇಲ್ಲದಿದ್ದರೆ ಎರಡು ತಿಂಗಳಿಗೇ ಹೆಣ್ಣುಗಳು ಬಸಿರಾಗಿ ಸೊರಗುತ್ತವೆ, ತಳಿಯ ಬಣ್ಣವೂ ಕೆಡುತ್ತದೆ. ಒಂದೇ ತಾಯಿಯ ಮರಿಗಳನ್ನು ಪದೇ ಪದೇ ಕೂಡಿಸದೆ, ಆಗಾಗ ಬೇರೆ ಕಡೆಯ ಗಂಡುಮೀನು ತರಬೇಕು. ಬೆನ್ನು ಡೊಂಕಾದ ಮರಿಗಳನ್ನು ತಳಿಗೆ ಇಟ್ಟುಕೊಳ್ಳಬಾರದು.

ಕೆರೆ, ಹೊಂಡಗಳಲ್ಲಿ ಕಾಟ್ಲಾ, ರೋಹು ಸಾಕುವ ಸದಸ್ಯರಿಗೂ ಇದೇ ನೀತಿ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಗೆಂಡೆಮೀನುಗಳಿಗೆ ಪಿಟ್ಯೂಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆಯಿಡಿಸಿದ ಮೇಲೆಯೇ ನದಿಯ ಬೀಜವನ್ನು ಕಾಯುವ ಕಾಲ ಹೋಯಿತು. ಆ ದಿನವಾದ ಜುಲೈ 10ನ್ನು ಮೀನು ಕೃಷಿಕರ ದಿನವೆಂದು ದೇಶದಲ್ಲಿ ಆಚರಿಸುತ್ತಾರೆ. ಆದರೆ ಮೊಟ್ಟೆ ಬರಿಸುವುದು ಸುಲಭವಾದರೂ ಮರಿ ಉಳಿಸುವ ಕೆಲಸ ಸುಲಭವಾಗಲಿಲ್ಲ. ನರ್ಸರಿ ಕೊಳದಲ್ಲಿ ಒಂದು ಲಕ್ಷ ಎಳೆಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆಮೇಲೆ ದಿನಕ್ಕೆ 1,200 ಗ್ರಾಂ ಹಿಂಡಿ ತೌಡಿನ ಪುಡಿಯನ್ನು ಎರಡು ಸಲಕ್ಕೆ ಹಂಚಿ ಹಾಕುವುದು ರೂಢಿ. ಅಲ್ಲಿಯೂ ಪುಡಿಗಿಂತ ಮುಂಚೆ ಸೆಗಣಿ ಹಾಕಿ ನೀರಿನಲ್ಲಿ ಜೀವಂತ ಆಹಾರ ಬೆಳೆಸಿರುತ್ತಾರೆ.

ಹಳ್ಳಕ್ಕೆ ಬಿಡಬೇಡಿ

ಮರಿ ಹೆಚ್ಚಾದಾಗ ಹಲವರು ಪುಣ್ಯದ ಕೆಲಸವೆಂದು ಹಳ್ಳಕ್ಕೋ ಹೊಳೆಗೋ ಬಿಡುತ್ತಾರೆ. ಇದು ದೊಡ್ಡ ತಪ್ಪು. ಗಪ್ಪಿ ಹೊರನಾಡಿನ ಮೀನು. ಬೇಗ ಹೆಚ್ಚುತ್ತದೆ, ಊರಿನ ಮೀನುಗಳ ಮೊಟ್ಟೆ ಮರಿಗಳನ್ನು ತಿನ್ನುತ್ತದೆ. ನಮ್ಮ ಘಟ್ಟದ ಹೊಳೆಗಳಲ್ಲಿ ಲೋಕದಲ್ಲೆಲ್ಲೂ ಇಲ್ಲದ ಮೀನುಗಳಿವೆ. ಕೆಂಪು ಗೆರೆಯ ಮಿಸ್ ಕೇರಳ ಎಂಬ ಚೆಲುವಾದ ಮೀನು ಕೇರಳ ಮತ್ತು ದಕ್ಷಿಣ ಕರ್ನಾಟಕದ ಕೆಲವೇ ಹೊಳೆಗಳದ್ದು. ಬಣ್ಣದ ಮೀನಿನ ವ್ಯಾಪಾರಕ್ಕೆ ಹಿಡಿದು ಹಿಡಿದು ಅದು ವಿನಾಶದ ಅಂಚಿಗೆ ಬಂದಿದೆ. ಮನೆಯ ನೀರಿನ ತೊಟ್ಟಿಯಲ್ಲಿ ಗಪ್ಪಿ ಇದ್ದರೆ ಸೊಳ್ಳೆಮರಿಗಳನ್ನು ತಿಂದು ಉಪಕಾರ ಮಾಡುತ್ತದೆ. ಆದರೆ ತೊಟ್ಟಿಯಲ್ಲಿಯೇ ಇರಲಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ನೀರಿಗೆ ಮೀನು ಬಿಡಲಾಗುವುದಿಲ್ಲ, ಆ ನೀರನ್ನು ನಾವೇ ಚೆಲ್ಲಬೇಕು.

ಕೊನೆಯ ಮಾತು

ಇದರಿಂದ ಸಾಲ ತೀರುವಷ್ಟು ಆದಾಯ ಬರುತ್ತದೆಂದು ಯಾರೂ ಹೇಳಲಾರರು. ಮೊದಲು ಹತ್ತಿರದ ಪೇಟೆಯ ಅಂಗಡಿಯಲ್ಲಿ ಯಾವ ಮೀನಿಗೆ ಗಿರಾಕಿಯಿದೆ ಎಂದು ವಿಚಾರಿಸಿಕೊಂಡು, ಎರಡು ತೊಟ್ಟಿಯಿಂದ ಆರಂಭಿಸಬೇಕು. ಮರಿಗಳನ್ನು ಉಳಿಸಲು ಕಲಿತ ಮೇಲೆಯೇ ತೊಟ್ಟಿ ಹೆಚ್ಚಿಸಬೇಕು. ಆಳು ಬೇಡದ, ಮನೆಯ ಹೆಣ್ಣುಮಕ್ಕಳೂ ಹಿರಿಯರೂ ಬಿಡುವಿನಲ್ಲಿ ಮಾಡಬಹುದಾದ ಕೆಲಸವಿದು.

ತಿಕೋಟಾದಿಂದ ಬರುವಾಗ ಆಕೆ ಒಂದು ಬಾಟಲಿ ಮೊಯಿನಾ ಬೀಜ ಮತ್ತು ಒಂದು ಪೊಟ್ಟಣ ಒಣದ್ರಾಕ್ಷಿ ಕೊಟ್ಟಳು. ದ್ರಾಕ್ಷಿ ದಾರಿಯಲ್ಲೇ ಮುಗಿಯಿತು. ಮೊಯಿನಾ ಮಾತ್ರ ನಮ್ಮ ಕೊಟ್ಟಿಗೆಯ ಹಿಂದಿನ ಟಬ್ಬಿನಲ್ಲಿ ಹೆಚ್ಚಿ, ಅಕ್ಕಪಕ್ಕದ ಮೂರು ಮನೆಗೂ ಹೋಗಿದೆ. ಈ ಮಳೆಗಾಲದಲ್ಲಿ ನಮ್ಮ ಒಂದು ಮೋಲಿ ನಾಲ್ವತ್ತೆರಡು ಮರಿ ಹಾಕಿತು. ತಿಂಗಳ ಕೊನೆಗೆ ಎಣಿಸಿದಾಗ ಮೂವತ್ತೈದು ಇದ್ದವು. ಜಗಲಿಯಲ್ಲಿ ಈಗ ನಮ್ಮದೂ ಒಂದು ಕೆಂಪು ಬಕೆಟ್ ಇದೆ.